ಲಾಭ, ಎರಡು, ಮೂರು

ಕೆಳಗಿನ ಎಡಮೂಲೆಯ ಪಿನ್ನು ಬಿಟ್ಟುಕೊಂಡಿದೆ, ಮಗಳ ಎದೆಯ ಮೇಲೆ ನಲವತ್ತೊಂದು ಎಂದು ಬರೆದ ಬಿಳಿಬಟ್ಟೆ ಇಷ್ಟು ದೂರಕ್ಕೂ ಕಾಣುವ ಹಾಗೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದೆ, ಓಡುವಾಗ ಚುಚ್ಚಿದರೆ ಏನು ಗತಿ, ಸೆರಗಿನ ಪಿನ್ನನ್ನಾದರೂ ಬಿಚ್ಚಿ ಕೊಟ್ಟು ಬರಬಹುದಿತ್ತು, ಆದರೆ ಮೈದಾನದೊಳಕ್ಕೆ ಕಾಲಿಡುವುದಿಲ್ಲ ಎಂದು ಮಾತು ಕೊಟ್ಟಾಗಿದೆ — ಸುಂದ್ರಮ್ಮ ಸಿಮೆಂಟಿನ ಮೆಟ್ಟಿಲ ಮೇಲೆ ಕುಳಿತಲ್ಲೇ ಹೆಗಲ ಮೇಲಿನ ಪಿನ್ನನ್ನು ಮುಟ್ಟಿ ನೋಡಿಕೊಂಡಳು, ಇದೆ, ಬೆಚ್ಚಗಿದೆ. ಆಚೆ ಬದಿಯಲ್ಲಿ ಹನ್ನೊಂದು ಹುಡುಗಿಯರು ಸುಣ್ಣದ ಗೆರೆಯ ಹಿಂದೆ ನಿಂತಿದ್ದಾರೆ, ಕೊನೆಯಿಂದ ಮೂರನೆಯವಳು ಭಾನು, ಮುಖ ಕಾಣುವುದಿಲ್ಲ, ನಿಲುವಿನಿಂದಲೇ ಗೊತ್ತಾಗುತ್ತದೆ, ಅಪ್ಪನ ಹಾಗೆ ಒಂದು ಭುಜ ಇಳಿಸಿ ನಿಲ್ಲುವ ಹುಡುಗಿ. ಚಾಮರಾಜನಗರದ ಬಿಸಿಲು ಒಂಬತ್ತು ಗಂಟೆಗೇ ನೆತ್ತಿ ಸುಡುತ್ತಿದೆ, ಊರಿನಲ್ಲಿ, ಹಂಗಳದಲ್ಲಾದರೆ, ಈ ಹೊತ್ತಿಗೆ ಇನ್ನೂ ಕಾಡಿನ ಕಡೆಯಿಂದ ತಣ್ಣನೆಯ ಗಾಳಿ ಇರುತ್ತದೆ. ಮೂರು ಸಾವಿರ ಮೀಟರು. ಮೊದಲ ಇಬ್ಬರು ಮೈಸೂರಿಗೆ, ವಿಭಾಗ ಮಟ್ಟಕ್ಕೆ, ಅಲ್ಲಿಗೆ ಕ್ರೀಡಾ ಹಾಸ್ಟೆಲಿನವರು ಬಂದು ನೋಡುತ್ತಾರಂತೆ, ನೋಡಿ ಇಷ್ಟವಾದರೆ ಕರೆದುಕೊಂಡು ಹೋಗುತ್ತಾರಂತೆ, ಹಾಲು ಮೊಟ್ಟೆ ಬೂಟು ಎಲ್ಲಾ ಅವರದೇ — ನಾಗೇಂದ್ರ ಸರ್ ಹೇಳಿದ್ದು. ಅವರು ಅಗೋ ಒಳಗಿದ್ದಾರೆ, ಹುಲ್ಲಿನ ಅಂಚಿನಲ್ಲಿ, ಕೊರಳಲ್ಲಿ ಸೀಟಿ, ಕೈಯಲ್ಲಿ ಗಡಿಯಾರ, ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಪೀಟಿ ಮೇಷ್ಟ್ರು, ಎರಡು ವರ್ಷದಿಂದ ಭಾನುವನ್ನು ಓಡಿಸುತ್ತಿರುವವರು, ಒಳಗೆ ಹೋಗಲು ಅವರ ಎದೆಯ ಮೇಲೊಂದು ಕಾರ್ಡು ನೇತಾಡುತ್ತಿದೆ, ಹೆತ್ತವಳಿಗೆ ಕಾರ್ಡಿಲ್ಲ. ನೀವು ಬರ್ಬೇಡಿ ಅನ್ನಲ್ಲ ಅಮ್ಮ, ಬನ್ನಿ, ಆದ್ರೆ ಒಳಗೆ ಕಾಲಿಡಕೂಡದು, ಬಾಯಿ ಬಿಡಕೂಡದು, ಎರಡು ಕಡೆಯಿಂದ ಕೂಗಿದ್ರೆ ಮಗು ಯಾವ ಕಡೆ ನೋಡ್ಬೇಕು ಹೇಳಿ, ಎಂದಿದ್ದರು ಸರ್. ಆಯ್ತು ಸಾ, ಬಾಯ್ಗೆ ಬೀಗ ಆಕೊತೀನಿ ಬುಡಿ ಸಾ. ಹಾಗೆಂದು ನಕ್ಕದ್ದೂ ಆಯಿತು, ಆ ನಗು ಮುಗಿಯುವ ಹೊತ್ತಿಗೆ ಕಣ್ಣಲ್ಲಿ ನೀರು ಯಾಕೆ ಬಂತೋ ಗೊತ್ತಿಲ್ಲ, ಮಾತು ಕೊಟ್ಟದ್ದು ಮಗಳಿಗಾಗಿಯೋ ಮೇಷ್ಟ್ರಿಗಾಗಿಯೋ ತನ್ನ ಹೋದ ವರ್ಷದ ತಪ್ಪಿಗಾಗಿಯೋ, ಅದೂ ಗೊತ್ತಿಲ್ಲ. ಢಂ ಎಂದು ಸದ್ದಾಯಿತು, ಹನ್ನೊಂದು ಜನವೂ ಒಟ್ಟಿಗೆ ಕದಲಿದರು, ನಾಲಿಗೆಯ ತುದಿಗೆ ತಾನಾಗಿ ಬಂದ ಲಾಭ ಅನ್ನುವ ಮಾತನ್ನು ಸುಂದ್ರಮ್ಮ ಹಲ್ಲಲ್ಲಿ ಕಚ್ಚಿ ಹಿಡಿದಳು.

ಈ ಸಲ ಹಾಗೆ ಎಣಿಸುವುದಿಲ್ಲ, ಈ ಸಲ ಬೆರಳಿನ ಗೆಣ್ಣುಗಳಿವೆ, ಎಡಗೈಯ ಗೆಣ್ಣುಗಳು, ಆಚೆಯಿಂದ ಇಲ್ಲಿಗೆ ಬರುವುದು ಅರ್ಧ ಸುತ್ತು, ಅದು ಲೆಕ್ಕಕ್ಕಿಲ್ಲ, ಆಮೇಲೆ ಏಳು, ಹಾಗೆಂದು ರಾತ್ರಿ ಗಂಡನಿಂದ ಮೂರು ಸಲ ಕೇಳಿಸಿಕೊಂಡು ಬಂದಿದ್ದಾಳೆ. ಬಂದರು, ಗುಂಪಾಗಿ ಬಂದರು, ಮಣ್ಣಿನ ವಾಸನೆ, ಬೆವರಿನ ವಾಸನೆ, ಭಾನು ಆರನೆಯವಳೋ ಏಳನೆಯವಳೋ, ಮೆಟ್ಟಿಲ ಕಡೆ ನೋಡಲಿಲ್ಲ, ನೋಡಬಾರದೆಂದು ಸರ್ ಹೇಳಿರುತ್ತಾರೆ, ಹೋದಳು. ಮೊದಲು ಹೀಗೆ ಇರಲಿಲ್ಲ, ಮೊದಲು ಅವಳು ಓಡುತ್ತಿದ್ದುದೇ ಅವ್ವನ ಕಡೆಗೆ. ಏಳು ವರ್ಷದವಳು, ಬಿಸಿಯೂಟದ ಅಡುಗೆಗೆ ಹೋಗುವ ಮುಂಚೆ ಮನೆಯ ಒಲೆಯ ಮೇಲೆ ಅನ್ನಕ್ಕಿಟ್ಟು, ಅನ್ನ ಉಕ್ಕೋದ್ರೊಳಗೆ ಕೆರೆ ಏರಿ ಮೇಲಿನ ಹುಣಸೆ ಮರ ಮುಟ್ಕೊಂಡು ಬಾ ಕಣಮ್ಮಿ ನೋಡನ, ಎಂದದ್ದು ಬರೀ ಕಾಲುಕಾಲಿಗೆ ಸಿಗುತ್ತಾಳೆಂದು, ಕಾಟ ತಪ್ಪಲಿ ಎಂದು. ಮಗು ಹೋಗಿ ಬಂದೇಬಿಟ್ಟಿತು, ಅನ್ನದ ಪಾತ್ರೆಗೆ ಮುಚ್ಚಿದ ತಟ್ಟೆ ಇನ್ನೂ ಕದಲಿರಲಿಲ್ಲ. ಆಮೇಲೆ ದಿನವೂ ಅದೇ, ಮರದಿಂದ ತೂಬಿಗೆ, ತೂಬಿನಿಂದ ಮಾರಮ್ಮನ ಗುಡಿಗೆ, ದೂರ ಹೆಚ್ಚಿತು, ಅನ್ನ ಮಾತ್ರ ಅಷ್ಟೇ ಹೊತ್ತಿಗೆ ಉಕ್ಕಬೇಕು. ಉಕ್ಕುತ್ತಿತ್ತೇ ಅಷ್ಟೇ ಹೊತ್ತಿಗೆ — ಇಲ್ಲ, ಇದನ್ನು ಯಾರಿಗೂ ಹೇಳಿಲ್ಲ, ಮಗಳು ಸೋಲುವ ಹಾಗಿದ್ದ ದಿನ ಸೌದೆ ಹಿಂದಕ್ಕೆಳೆದು ಉರಿ ತಗ್ಗಿಸಿದ್ದಿದೆ, ಸುಮ್ಮನೆ ಗೆದ್ದು ಗೆದ್ದು ಮೈಮರೆತಾಳೆಂದು ಅನಿಸಿದ ದಿನ ಊದಿ ಊದಿ ಉರಿ ಎಬ್ಬಿಸಿದ್ದೂ ಇದೆ. ಯಾವ ದಿನದ್ದು ಸರಿ, ಯಾವ ದಿನದ್ದು ಮೋಸ, ತಾಯಿಯಾದವಳು ಉರಿ ತಗ್ಗಿಸಬೇಕೋ ಎಬ್ಬಿಸಬೇಕೋ, ಯಾರನ್ನು ಕೇಳುವುದು. ಗಂಡ ಪುಟ್ಟಮಾದುವಿಗೆ ಎಲ್ಲವೂ ತಮಾಷೆ, ಪಂಚಾಯ್ತಿಯ ನೀರು ಬಿಡುವ ಕೆಲಸ ಅವನದು, ಬೆಳಗ್ಗೆ ವಾಲ್ವು ತಿರುಗಿಸಿ ಬಂದು ಜಗಲಿಯ ಮೇಲೆ ಕೂತು, ಓಡ್ತಿರೋದು ನಿನ್ ಮಗ್ಳೋ ನೀನೋ ಒಂದ್ಸಲ ಸರ್ಯಾಗಿ ಯೋಳ್ಬುಡು ಸುಂದ್ರಿ, ನೀನಿಲ್ಲೇ ಒಲೆ ಮುಂದ ಕುಂತು ಉಸುರು ಬುಡ್ತಿದ್ದೀಯ, ಎನ್ನುತ್ತಿದ್ದ. ನಗು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಹೈಸ್ಕೂಲಿಗೆಂದು ಗುಂಡ್ಲುಪೇಟೆಗೆ ಸೇರಿಸಿದ ಮೇಲೆ ನಾಗೇಂದ್ರ ಸರ್ ಒಂದು ಸಂಜೆ ಮನೆಗೇ ಬಂದರು, ಬೇಗೂರಿನವರು, ಸ್ವತಃ ಓಡಿದವರು, ಟೀ ಕುಡಿಯುತ್ತಾ, ಈ ಮಗೂಗೆ ಯಾರಮ್ಮ ಕಲ್ಸಿದ್ದು, ಉಸಿರು ಹಿಡಿಯೋದು ಇಷ್ಟು ಚೆನ್ನಾಗಿ ಬಂದದೆ ಎಂದರು, ಒಲೆಯ ಕಡೆ ಕೈ ತೋರಿಸಿದರೆ ಮೇಷ್ಟ್ರಿಗೆ ಅರ್ಥವಾಗಲಿಲ್ಲ. ನನ್ನಪ್ಪ ಒಂದಿನಾನೂ ಮೈದಾನದ ಹತ್ರ ಬರ್ಲಿಲ್ಲ ಅಮ್ಮ, ನೀವು ಇಷ್ಟು ಮಾಡಿದ್ದೀರ, ಇನ್ಮೇಲೆ ನನ್ಗೆ ಬಿಡಿ. ಬಿಡಿ ಅಂದರೆ ಏನು, ಮಗಳ ಕೈ ಬಿಡುವುದೇ, ಚಪಾತಿ ಹಿಟ್ಟು ಕಲಸಿ ಇನ್ನೊಬ್ಬಳ ಕೈಗೆ ಲಟ್ಟಣಿಗೆ ಕೊಟ್ಟ ಹಾಗೇ. ಒಂದು — ಬಂದಳು, ನಾಲ್ಕನೆಯವಳು, ಕಿರುಬೆರಳಿನ ಕೆಳಗಿನ ಗೆಣ್ಣಿಗೆ ಹೆಬ್ಬೆರಳು ಒತ್ತಿದಳು ಸುಂದ್ರಮ್ಮ, ಒಂದು, ಲಾಭ ಅಲ್ಲ, ಒಂದು.

ಲಾಭ ಅನ್ನದೆ ಅಳೆಯುವುದು ಹೇಗೆ, ಕೈಗೆ ಗೊತ್ತಿರುವುದೇ ಹಾಗೆ. ಸುಂದ್ರಮ್ಮನ ಅವ್ವ ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದಳು, ಆಮೇಲೆ ಎರಡು, ಮೂರು, ಮನೆಯಲ್ಲಿ ಹೆಚ್ಚಲಿ ಎಂದು, ಸುಂದ್ರಮ್ಮನೂ ಹನ್ನೆರಡು ವರ್ಷದಿಂದ ಶಾಲೆಯ ಅಡುಗೆಮನೆಯಲ್ಲಿ ಅಕ್ಕಿಗೆ ಸೇರು ಅದ್ದುತ್ತಲೇ ಲಾಭ ಅನ್ನುವವಳು. ಹೋದ ವರ್ಷ ಗುಂಡ್ಲುಪೇಟೆಯಲ್ಲಿ ತಾಲೂಕಿನ ಆಟ, ಶಾಲೆಯ ಮೈದಾನ ಚಿಕ್ಕದು, ಅಲ್ಲಿ ಇದೇ ಓಟಕ್ಕೆ ಹದಿನೈದು ಸುತ್ತು, ಮೈಕಿನಲ್ಲಿ ಯಾರೋ ಯಾರನ್ನೋ ಊಟಕ್ಕೆ ಕರೆಯುತ್ತಿದ್ದರು, ಹಿಂದೆ ಬಿದ್ದವರೂ ಮುಂದಿದ್ದವರೂ ಬೆರೆತುಹೋಗಿ ಯಾರು ಎಷ್ಟನೆಯ ಸುತ್ತಿನಲ್ಲಿದ್ದಾರೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ, ಭಾನು ಮಾತ್ರ ಎಲ್ಲರಿಗಿಂತ ಮುಂದೆ. ಓಡಲು ಬಿಟ್ಟ ಕ್ಷಣ ಸುಂದ್ರಮ್ಮನ ಬಾಯಿ ಲಾಭ ಅಂದಿತ್ತು, ಸೇರು ಅದ್ದಿದ ಹಾಗೆ. ಮಗಳು ಮೊದಲ ಸುತ್ತು ಮುಗಿಸಿ ಎದುರಿಗೆ ಬಂದಾಗ ಎರಡು ಅಂದಿತು. ಅಷ್ಟೇ, ಇಷ್ಟೇ ಆದದ್ದು. ಹದಿಮೂರು ಮುಗಿದಾಗ ಹದಿನಾಲ್ಕು ಅಂದುಕೊಂಡು ಹಗ್ಗದ ಮೇಲೆ ಬಗ್ಗಿ, ಕೊನೇ ಸುತ್ತು ಕಣಮ್ಮಿ, ಬುಡಬ್ಯಾಡ, ಓಡು, ಓಡು — ಇಡೀ ಮೈದಾನಕ್ಕೆ ಕೇಳುವ ಹಾಗೆ. ಭಾನು ಒಂದು ಸಲ ತಿರುಗಿ ನೋಡಿದಳು, ಸರ್ ಇನ್ನೂ ಸುಮ್ಮನಿದ್ದಾರಲ್ಲ ಎಂದು ಅನುಮಾನ ಪಟ್ಟಿರಬೇಕು, ಆಮೇಲೆ ಅವ್ವನ ಮಾತನ್ನೇ ನಂಬಿದಳು, ನಂಬಿ ಓಡಿದಳು, ಅಬ್ಬಾ ಆ ಓಟ, ಅಂಥ ಓಟವನ್ನು ಮತ್ತೆ ಅವಳು ಓಡಿಲ್ಲ, ಗೆರೆ ದಾಟಿ ಮಂಡಿಯ ಮೇಲೆ ಕೈಯಿಟ್ಟು ಬಗ್ಗಿ ನಿಂತುಬಿಟ್ಟಳು, ನಗುತ್ತಿದ್ದಳು, ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಇನ್ನೊಂದು ಅದೆ ಭಾನು, ಇನ್ನೊಂದು ಸುತ್ತು ಅದೆ, ಓಡು, ಯಾರಮ್ಮ ನಿಮ್ಗೆ ಕೂಗು ಅಂದಿದ್ದು — ಸರ್ ಓಡಿ ಬಂದರು, ಮಗಳು ತಲೆಯೆತ್ತಿದಳು, ಮತ್ತೆ ಓಡಲು ನೋಡಿದಳು, ಕಾಲು ಏಳಲಿಲ್ಲ, ಒಬ್ಬಳು ದಾಟಿದಳು, ಇನ್ನೊಬ್ಬಳು, ಮತ್ತೊಬ್ಬಳು. ನಾಲ್ಕನೆಯವಳು. ಆ ಮುಖ ಮಾತ್ರ ಮರೆಯುವುದಿಲ್ಲ, ನಗು ಇನ್ನೂ ಅಳಿಸಿರಲಿಲ್ಲ, ಅದರ ಮೇಲೇ ಅಳು ಬಂದು ಕೂತಿತ್ತು. ಲಾಭದ ಸಂಗತಿಯನ್ನು ಮೇಷ್ಟ್ರಿಗೆ ಹೇಳಲಾಗಲಿಲ್ಲ, ಹೇಗೆ ಹೇಳುವುದು, ಅಕ್ಕಿ ಅಳೆಯುವ ಕೈ ಎಂದು ನಕ್ಕಾರು, ಗಂಡನಿಗೆ ಹೇಳಿದರೆ ಅವನು ನಗದೆ ಬಿಟ್ಟಾನೆಯೇ, ಮಗ್ಳುನ್ನೂ ಅಕ್ಕಿ ಅಳ್ದಂಗೆ ಅಳ್ದ್ಬುಟ್ಟಾ ಅಂದ. ಭಾನು ಮಾತ್ರ, ಬುಡವ್ವ, ಬರೋ ವರ್ಸ ಓಡಿದ್ರಾಯ್ತು, ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಬೈದಿದ್ದರೆ ಒಳ್ಳೆಯದಿತ್ತು. ಈ ವರ್ಷ ತಾಲೂಕಿನ ಆಟಕ್ಕೆ ಹೋಗಲೇ ಇಲ್ಲ ಸುಂದ್ರಮ್ಮ, ಶಾಲೆಯ ಅಡುಗೆಮನೆಯಲ್ಲಿ ಕುಳಿತು ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದಳು, ಮಗಳು ಗೆದ್ದು ಬಂದಳು. ಅವ್ವ ಇಲ್ಲದಿದ್ದರೇ ಗೆಲ್ಲುತ್ತಾಳೆ, ಇದಕ್ಕೆ ಸಂತೋಷ ಪಡಬೇಕೋ ಏನು ಪಡಬೇಕೋ. ಎರಡು. ಗೆಣ್ಣು ಎರಡು. ನಾಲ್ಕನೆಯ ಜಾಗದಲ್ಲೇ ಇದ್ದಾಳೆ, ಪಿನ್ನು ಬಿಟ್ಟ ಮೂಲೆ ಮಡಚಿಕೊಂಡು ಬರೀ ಒಂದು ಎಂದು ಕಾಣುತ್ತಿದೆ, ಆದರೆ ಕಾಲು, ಎಡಗಾಲು — ಏನೋ ಕಂಡ ಹಾಗಾಯಿತು, ಇಲ್ಲ, ಇರಲಾರದು.

ನಿಮ್ದು ಯಾವ ಮಗ ಕನವ್ವ, ಪಕ್ಕದಲ್ಲಿ ಕುಳಿತವಳು ಕಡಲೆಕಾಯಿ ಬಿಡಿಸುತ್ತಾ ಕೇಳಿದಳು, ಹೆಸರು ಚಾಮುಂಡಿ, ಚಂದಕವಾಡಿಯವಳಂತೆ, ಅವಳ ಮಗಳು ಪುಟ್ಟಿ, ಹಳದಿ ಬನಿಯನ್ನಿನವಳು, ಕೊನೆಯಲ್ಲಿ ಓಡುತ್ತಿರುವವಳು. ನಲವತ್ತೊಂದು, ಎಂದಳು ಸುಂದ್ರಮ್ಮ. ಓ ಅವ್ಳಾ, ಚೆನ್ನಾಗ್ ಓಡ್ತಳೆ ಕನವ್ವ, ನಮ್ದು ನೋಡು, ಎತ್ತು ಮೇಯ್ಸೋಕ್ ಓದಂಗೆ ಓಯ್ತಾಳೆ, ಬಸ್ಸಲ್ಲಿ ಬರೋವಾಗ ಆರು ಇಡ್ಲಿ ತಿಂದವ್ಳೆ, ತಗೊ ಕಡ್ಲೆಕಾಯಿ. ಸುಂದ್ರಮ್ಮ ಕೈ ಚಾಚಿದಳು, ಗೆಣ್ಣು ತಪ್ಪಿಹೋಗುತ್ತದೆಂದು ಎಡಗೈ ಮಡಿಲಲ್ಲೇ ಇಟ್ಟು ಬಲಗೈ ಚಾಚಿದಳು, ಬಾಯಿಗೆ ಹಾಕಿಕೊಳ್ಳದೆ ಮಡಿಲಿಗೆ ಸುರಿದುಕೊಂಡಳು. ಬಸ್ಸು — ಬೆಳಗ್ಗೆ ಬಸ್ಸಿನಲ್ಲೇ ಕಂಡದ್ದು. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಕೂತು, ತೆರಕಣಾಂಬಿ ದಾಟಿದ ಮೇಲೆ ಭಾನು ಕಾಲುಚೀಲ ಸರಿಮಾಡಿಕೊಳ್ಳಲು ಬಗ್ಗಿದಳು, ಚೀಲದೊಳಗೆ ಪಾದದಿಂದ ಮೊಣಕಾಲಿನವರೆಗೂ ನೀಲಿ ಪಟ್ಟಿ, ಹೊಸದು, ಒತ್ತಾಗಿ ಸುತ್ತಿದ್ದು. ಏನಮ್ಮಿ ಅದು, ಯಾರು ಕಟ್ಟಿದ್ದು. ಸರ್ ಕಟ್ಟಿದ್ರು. ಅವ್ರಿಗ್ಯಾರು ಯೋಳಿದ್ದು. ನಾನೇ ಯೋಳ್ದೆ, ಹೋದ್ವಾರ, ಓಡಕಾಗ್ತಿರ್ಲಿಲ್ಲ, ನಿಮ್ಮವ್ವನ್ಗೆ ಯೋಳ್ಬೇಡ ಅಂದ್ರು, ಗಾಬ್ರಿ ಬಿದ್ದು ಮನೇಲೇ ಕೂರಿಸ್ಕೊತಾರೆ ಅಂದ್ರು. ಹುಡುಗಿ ಕಿಟಕಿಯ ಹೊರಗೆ ನೋಡುತ್ತಾ ಹೇಳಿದಳು, ಚೆಂಡುಹೂವಿನ ಹೊಲಗಳು ಹಿಂದಕ್ಕೆ ಓಡುತ್ತಿದ್ದವು, ಸುಂದ್ರಮ್ಮ ಬಗ್ಗಿ ಆ ಕಾಲುಚೀಲವನ್ನು ತಾನೇ ಮೇಲಕ್ಕೆಳೆದು ಪಟ್ಟಿ ಮುಚ್ಚಿದಳು, ಬೈಯಲು ಮುಖವಿರಲಿಲ್ಲ. ಯಾಕೆಂದರೆ ಅದಕ್ಕೂ ಮುಂಚೆ, ಹತ್ತು ದಿನದ ಹಿಂದೆ, ಇದೇ ಮಗಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಅವ್ವ ಇಲ್ಲಿ, ಮೂಳೆ ಮೇಲೆ, ಒತ್ತಿದ್ರೆ ಜೀವ ಓಯ್ತದೆ, ಎಂದಿದ್ದಳು, ಬೆರಳು ತೋರಿಸಿದ್ದು ಮೊಣಕಾಲಿಗೂ ಪಾದಕ್ಕೂ ನಡುವೆ, ಎದುರು ಮೂಳೆಯ ಮೇಲೆ ಒಂದೇ ಒಂದು ಜಾಗ, ಒಂದು ರೂಪಾಯಿ ಬಿಲ್ಲೆಯಷ್ಟು. ಸುಂದ್ರಮ್ಮ ಉಪ್ಪಿನ ಶಾಖ ಕೊಟ್ಟಳು, ಹರಳೆಣ್ಣೆ ನೀವಿದಳು, ನೀವುತ್ತಾ ನೀವುತ್ತಾ ಹೇಳಿದ್ದು ಏನು, ನಿಮ್ಮ ಸರ್‌ಗೆ ಯೋಳ್ಬ್ಯಾಡ ಕಣಮ್ಮಿ, ಓಡ್ಬೇಡ ಅಂದ್ಬುಡ್ತಾರೆ, ಜಿಲ್ಲೆಗೆ ಕರ್ಕೊಂಡೋಗಲ್ಲ, ಇದೊಂದು ಓಡ್ಬುಡು. ಹೋದ ವರ್ಷ ತಾನು ಕಳೆದದ್ದನ್ನು ಈ ವರ್ಷ ಮಗಳು ಓಡಿ ತರಲಿ ಎಂದು, ಆ ಮಗುವಿನ ಕಾಲಿನಿಂದ ತನ್ನ ತಪ್ಪನ್ನು ಒರೆಸಿಕೊಳ್ಳಬೇಕೆಂದು, ಹಾಗೆಯೇ ಅಂದುಕೊಂಡಳೇ ಅಂದು, ಅಂದುಕೊಂಡಿರಲಿಲ್ಲ, ಆದರೆ ಹಾಗೆಯೇ ಮಾಡಿದಳು. ಈ ಕಡೆ ಅವ್ವ ಸರ್‌ಗೆ ಹೇಳಬೇಡ ಅಂದಳು, ಆ ಕಡೆ ಸರ್ ಅವ್ವನಿಗೆ ಹೇಳಬೇಡ ಅಂದರು, ಹದಿನೈದು ವರ್ಷದ ಹುಡುಗಿ ಎರಡು ಗುಟ್ಟನ್ನೂ ಒಂದೇ ಕಾಲಿನ ಮೇಲೆ ಹೊತ್ತುಕೊಂಡು ಓಡಿದಳು. ಮೂರು. ಈ ಸಲ ಸುಳ್ಳಲ್ಲ, ಈ ಸಲ ಸರಿಯಾಗಿ ಕಂಡಿತು, ಬಲಗಾಲು ಪೂರ್ತಿ ಊರುತ್ತಿದೆ, ಎಡಗಾಲಿನ ಹಿಮ್ಮಡಿ ನೆಲಕ್ಕೆ ತಾಗುತ್ತಿಲ್ಲ, ಬೆರಳುಗಳ ಮೇಲೆ ಮಾತ್ರ ಬಿದ್ದು ಎದ್ದು ಹೋಗುತ್ತಿದೆ, ಬಿಸಿ ಹಂಚನ್ನು ತುಳಿದ ಹಾಗೆ.

ಬೆಳಗ್ಗೆ ಗೇಟಿನ ಹತ್ತಿರ ಸರ್ ಸಿಕ್ಕಿದಾಗ ಹೇಳಬಹುದಿತ್ತು. ಅವರೂ ಹೇಳಬಹುದಿತ್ತು. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ಲಾ ಅಮ್ಮ ಅಂದರು, ಹೂಂ ಸಾ ಅಂದಳು, ತಿಂಡಿ ಏನ್ ಕೊಟ್ರಿ, ಉಪ್ಪಿಟ್ಟು ಸಾ, ಜಾಸ್ತಿ ಇಲ್ಲ ತಾನೆ, ಒಂದೀಟು ಸಾ. ಇಬ್ಬರ ಕಣ್ಣೂ ಒಂದೇ ಹೊತ್ತಿಗೆ ಭಾನುವಿನ ಎಡಗಾಲಿನ ಮೇಲೆ ಬಿತ್ತು, ಇಬ್ಬರೂ ಬೇರೆ ಕಡೆ ನೋಡಿದರು. ಮಧ್ಯೆ ನಿಂತ ಮಗಳು ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಿದ್ದಳು, ಬಿಚ್ಚುತ್ತಿದ್ದಳು, ಹಾಕುತ್ತಿದ್ದಳು. ಮೇಷ್ಟ್ರು ಕೆಟ್ಟವರಲ್ಲ, ಅದನ್ನು ಹೇಳಲೇಬೇಕು, ತಮ್ಮ ಟಿಫನ್ ಬಾಕ್ಸಿನ ಮೊಟ್ಟೆಯನ್ನು ಅವಳಿಗೆ ಕೊಟ್ಟವರು, ಜ್ವರ ಬಂದಾಗ ಹಂಗಳದವರೆಗೂ ಬೈಕಿನಲ್ಲಿ ತಂದು ಬಿಟ್ಟವರು, ಅವರ ಶಾಲೆಯಿಂದ ಇಷ್ಟು ವರ್ಷದಲ್ಲಿ ಒಬ್ಬರೂ ಮೈಸೂರು ದಾಟಿಲ್ಲವಂತೆ, ಅವರಿಗೂ ಏನೋ ಕಳೆದುಹೋಗಿರಬೇಕು, ಅದನ್ನು ಅವರೂ ಇದೇ ಕಾಲಿನಿಂದ ತರಿಸಿಕೊಳ್ಳುತ್ತಿದ್ದಾರೋ ಏನೋ. ನಾನು ಕೆಟ್ಟವಳೇ, ಅದೂ ಅಲ್ಲ. ಮತ್ತೆ ಯಾರು. ಮೊನ್ನೆ ಅಡುಗೆಮನೆಯಲ್ಲಿ ಕುಮಾರಿ, ಜೊತೆಗೆ ಅಡುಗೆ ಮಾಡುವವಳು, ಹುರುಳಿಕಾಯಿ ಮುರಿಯುತ್ತಾ ತಮ್ಮನ ಕತೆ ತೆಗೆದಳು, ಪೊಲೀಸ್ ಕೆಲಸಕ್ಕೆಂದು ಓಡುತ್ತಿದ್ದವನು, ಹಿಂಗೇ ಕನಕ್ಕ, ಇಷ್ಟೇ ಜಾಗ ನೋಯ್ತದೆ ಅಂತಿದ್ದ, ಉಳುಕು ಅಂದ್ಕೊಂಡು ಓಡಿಸ್ಬುಟ್ರು, ಓಡ್ತಾ ಓಡ್ತಾನೇ ಮೂಳೆ ಲಟಕ್ ಅಂತು, ಕಂಬಿ ಆಕವ್ರೆ, ಈಗ ಎಲ್ಲಿಗ್ ಓದ್ರೂ ಕುಂಟ್ಕೊಂಡು. ಲಟಕ್ ಅನ್ನುವಾಗ ಕುಮಾರಿ ಒಂದು ಹುರುಳಿಕಾಯಿ ಮುರಿದಳು. ಅವತ್ತಿನಿಂದ ಆ ಸದ್ದು ಕಿವಿಯಲ್ಲಿದೆ, ಆದರೂ ಬಸ್ಸು ಹತ್ತಿಸಿದಳಲ್ಲ, ಉಪ್ಪಿಟ್ಟು ಮಾಡಿ ತಿನ್ನಿಸಿ ಹತ್ತಿಸಿದಳಲ್ಲ, ಗೊತ್ತಿದ್ದೂ. ಮೇಷ್ಟ್ರಿಗೆ ಗೊತ್ತಿದೆ ಅಂದಮೇಲೆ ಅವರೇ ನಿಲ್ಲಿಸುತ್ತಾರೆ, ಅವರಿಗೆ ತಿಳಿಯದ್ದೇ ತನಗೇನು ತಿಳಿಯುತ್ತದೆ ಎಂದು ತೆರಕಣಾಂಬಿಯಿಂದ ಇಲ್ಲಿಯವರೆಗೂ ಅಂದುಕೊಂಡು ಬಂದಳು, ಅವರೂ ಹಾಗೆಯೇ ಅಂದುಕೊಂಡಿದ್ದರೆ, ಅಷ್ಟೊಂದು ನೋವಿದ್ದರೆ ತಾಯಿ ಕಳಿಸುತ್ತಿದ್ದಳೇ ಎಂದು. ನಾಲ್ಕು. ಮೂರನೆಯವಳಾದಳು. ಏಯ್ ನೋಡವ್ವ ನಿನ್ ಮಗ್ಳು ಮುಂದಕ್ ಬಂದ್ಲು, ಚಾಮುಂಡಿ ಮೊಣಕೈಯಿಂದ ತಿವಿದಳು, ಕೂಗು ಒಂದ್ ಸಲ, ಏನಿಂಗೆ ಬಾಯಿಗ್ ಬಟ್ಟೆ ತುರುಕ್ಕೊಂಡೋರಂಗ್ ಕುಂತಿದ್ದೀಯಾ, ಪುಟ್ಟೀ, ಏ ಪುಟ್ಟೀ, ಕಾಲೆತ್ತಿ ಓಡೇ, ಇಡ್ಲಿ ತಿಂದಿಲ್ವಾ. ಸುತ್ತಲಿದ್ದವರು ನಕ್ಕರು, ಸುಂದ್ರಮ್ಮನೂ ತುಟಿ ಅಗಲಿಸಿದಳು, ಕಣ್ಣು ಮಾತ್ರ ಆ ಹಿಮ್ಮಡಿಯನ್ನು ಬಿಡಲಿಲ್ಲ, ತಿರುವಿನಲ್ಲಿ, ಆಚೆಯ ಬದಿಯಲ್ಲಿ, ನೆಲ ಮುಟ್ಟದ ಹಿಮ್ಮಡಿ, ಅಷ್ಟು ದೂರದಿಂದ ಕಾಣಲು ಸಾಧ್ಯವಿಲ್ಲ, ಆದರೂ ಕಾಣುತ್ತಿದೆ.

ಸರ್ ಏನು ನೋಡುತ್ತಿದ್ದಾರೆ, ಗಡಿಯಾರ ನೋಡುತ್ತಿದ್ದಾರೆ, ಮಗಳು ಹತ್ತಿರ ಬಂದಾಗ ಮುಖ ನೋಡುತ್ತಾರೆ, ಏನೋ ಹೇಳುತ್ತಾರೆ, ಮತ್ತೆ ಗಡಿಯಾರ, ಕೆಳಗೆ ನೋಡಿ ಸಾ, ಕಾಲು ನೋಡಿ, ಅವಳು ಹೊತ್ತು ತಪ್ಪಿಸುತ್ತಿಲ್ಲ, ಅದಕ್ಕೇ ನಿಮಗೆ ಕಾಣುತ್ತಿಲ್ಲ. ಐದು. ಮೂರನೆಯವಳೇ, ಎರಡನೆಯವಳ ಬೆನ್ನಿಗೇ ಅಂಟಿಕೊಂಡಿದ್ದಾಳೆ, ಬಾಯಿ ಓರೆಯಾಗಿದೆ, ಆ ಬಾಯಿ ಸುಂದ್ರಮ್ಮನಿಗೆ ಗೊತ್ತು, ಕಿವಿ ಚುಚ್ಚಿಸಿದ ದಿನ ಅಳಬಾರದೆಂದು ಹೀಗೆಯೇ ಓರೆ ಮಾಡಿಕೊಂಡಿತ್ತು ಕೂಸು, ನೋವಾದದ್ದನ್ನು ಯಾರಿಗೂ ಕೊಡದೆ ಬಾಯಿಯ ಒಂದು ಮೂಲೆಯಲ್ಲಿ ಇಟ್ಟುಕೊಳ್ಳುವುದು ಅವಳ ಅಭ್ಯಾಸ. ಇನ್ನು ಎರಡು ಸುತ್ತು, ಎರಡೇ, ಇಷ್ಟು ಓಡಿದವಳಿಗೆ ಎರಡು ಹೆಚ್ಚೇ, ಎರಡನೆಯವಳನ್ನು ದಾಟಿದರೆ ಮೈಸೂರು, ಹಾಸ್ಟೆಲು, ಹಾಲು, ಬೂಟು, ನಿಲ್ಲಿಸಿದರೆ ಏನು, ಮನೆ, ಹೋದ ವರ್ಷದ ಗೋಡೆ, ಗೋಡೆಯ ಕಡೆ ತಿರುಗಿದ ಬೆನ್ನು, ಎರಡನೆಯ ಸಲವೂ ಅವ್ವನೇ ಹಾಳು ಮಾಡಿದಳು ಎಂದಾಗುತ್ತದೆ, ಜೀವಮಾನವಿಡೀ ಅನ್ನಿಸಿಕೊಳ್ಳಬೇಕಾಗುತ್ತದೆ, ನಿಲ್ಲಿಸದಿದ್ದರೆ ಲಟಕ್. ಅಥವಾ ಏನೂ ಆಗುವುದಿಲ್ಲ, ಬರೀ ಉಳುಕು, ನಾಳೆ ಎಣ್ಣೆ ನೀವಿದರೆ ಹೋಗುತ್ತದೆ, ಕುಮಾರಿಯ ತಮ್ಮನ ಕಾಲೇ ಬೇರೆ ಇವಳ ಕಾಲೇ ಬೇರೆ. ಯಾರಾದರೂ ಬಂದು ಹೇಳಬಾರದೇ, ಇಷ್ಟು ಜನ ಕೂತಿದ್ದಾರೆ, ಕೊರಳಿಗೆ ಕಾರ್ಡು ಹಾಕಿಕೊಂಡವರು ಎಷ್ಟು ಜನ ಓಡಾಡುತ್ತಿದ್ದಾರೆ, ಒಬ್ಬರಿಗಾದರೂ ಆ ಹಿಮ್ಮಡಿ ಕಾಣಬಾರದೇ. ಎದ್ದು ನಿಂತಿದ್ದಳು, ಯಾವಾಗ ಎದ್ದಳೋ, ಮೆಟ್ಟಿಲು ಇಳಿದಿದ್ದಳು, ಮಡಿಲಿನ ಕಡಲೆಕಾಯಿ ಚೆಲ್ಲಿತು, ಏ ಎಲ್ಗವ್ವ ಓಯ್ತಿದ್ದೀಯ ಎಂದಳು ಚಾಮುಂಡಿ, ಹಗ್ಗದ ಹತ್ತಿರ ಬಂದು ನಿಂತಾಗ ಎಡಗೈ ಇನ್ನೂ ಐದನೆಯ ಗೆಣ್ಣನ್ನು ಒತ್ತಿ ಹಿಡಿದಿತ್ತು, ಗಟ್ಟಿಯಾಗಿ, ಬೆರಳು ಬೆಳ್ಳಗಾಗುವಷ್ಟು. ಮಾತು ಕೊಟ್ಟಿದ್ದೀನಿ, ಬೀಗ ಹಾಕಿಕೊಂಡಿದ್ದೀನಿ ಸಾ. ತಿರುವಿನಲ್ಲಿ ಕಂಡರು, ಮೊದಲನೆಯವಳು ದೂರ ಮುಂದೆ ಹೋಗಿಬಿಟ್ಟಿದ್ದಾಳೆ, ಆಮೇಲೆ ಇಬ್ಬರು ಅಕ್ಕಪಕ್ಕ, ಭಾನು ಹೊರಗಿನಿಂದ ಬಂದಳು, ಹೆಜ್ಜೆಗೆ ಹೆಜ್ಜೆ, ದಾಟಿದಳು, ಎರಡನೆಯವಳಾದಳು, ಜನ ಹೋ ಎಂದರು, ಕೊನೆಯ ಸುತ್ತಿಗೆ ಬಾರಿಸುವ ಗಂಟೆಯನ್ನು ಮೇಜಿನಿಂದ ಯಾರೋ ಎತ್ತಿಕೊಂಡರು, ದಾಟುವಾಗ ಎಡಗಾಲು ಒಂದು ಕ್ಷಣ ಒಳಕ್ಕೆ ವಾಲಿತು, ಸ್ವಲ್ಪವೇ, ಮುರಿಯುವ ಮುಂಚೆ ಹುರುಳಿಕಾಯಿ ಬಗ್ಗುತ್ತದಲ್ಲ ಅಷ್ಟೇ. ಅದು ಸಾಕಾಯಿತು. ಬೀಗ ಎಲ್ಲಿ ಹೋಯಿತೋ, ಭಾನೂ, ಸಾಕು ಕಣಮ್ಮಿ, ನಿಲ್ಲು, ಸಾಕು, ನಿಂತ್ಕೊ, ನಿಂತ್ಕೊಂಡ್ಬುಡು ನನ್ನವ್ವ — ತನ್ನದೇ ದನಿ ಎಂದು ಗುರುತು ಸಿಗದಂಥ ದನಿ ಮೈದಾನದ ಮೇಲೆಲ್ಲ ಹೋಯಿತು, ಅದರ ಮೇಲೆಯೇ ಗಂಟೆ ಮೊಳಗಿತು.

ಅಯ್ಯೋ ಇನ್ನೊಂದ್ ಸುತ್ತು ಅದೆ ಕನವ್ವ, ಗಂಟೆ ಈಗ ತಾನೆ ಹೊಡುದ್ರು, ಹಿಂದಿನಿಂದ ಚಾಮುಂಡಿ ನಗುತ್ತಿದ್ದಳು, ಇನ್ನಾರೋ ನಕ್ಕರು, ಎಣ್ಸಾಕ್ ಬರ್ದೋರೆಲ್ಲ ಬತ್ತಾರೆ. ಇಲ್ಲ, ಎಣಿಕೆ ತಪ್ಪಿಲ್ಲ, ಗೆಣ್ಣು ಆರು, ಒಂದು ಉಳಿದಿದೆ, ನನಗೆ ಗೊತ್ತು, ಈ ಸಲ ಸರಿಯಾಗಿ ಎಣಿಸಿದ್ದೀನಿ, ಕಾಲು ಕಣ್ರಪ್ಪ, ಸುತ್ತಲ್ಲ, ಕಾಲು — ಬಾಯಿ ಆಡುತ್ತಿದೆ, ದನಿ ಅಷ್ಟರಲ್ಲೇ ಮುಗಿದುಹೋಗಿದೆ. ಒಳಗಿನಿಂದ ನಾಗೇಂದ್ರ ಸರ್ ಕೈ ಬೀಸುತ್ತಾ ಓಡಿಬಂದರು, ಮತ್ತೆ ಶುರು ಮಾಡಿದ್ರಾ ಅಮ್ಮ, ಮತ್ತೆ ಅದೇನಾ, ಭಾನು, ಆ ಕಡೆ ಕೇಳ್ಬೇಡ, ಇನ್ನೊಂದು ಸುತ್ತದೆ, ನನ್ನ ನೋಡು, ಹೊಡಿ ಈಗ. ಮಗಳು ಎದುರಿಗೇ ಬಂದಳು, ಹಗ್ಗದಿಂದ ಎರಡು ಮಾರು, ಅಷ್ಟು ಹತ್ತಿರ, ಉಸಿರು ಕೇಳಿಸಿತು, ಕೆನ್ನೆಯ ಉಪ್ಪು ಕಾಣಿಸಿತು, ಈಗ ನಿಲ್ಲುತ್ತಾಳೆ, ಹೋದ ವರ್ಷ ಸುಳ್ಳು ಲೆಕ್ಕವನ್ನೇ ನಂಬಿ ನಿಂತವಳು ಇವತ್ತು ನಿಜ ಹೇಳಿದರೆ ನಿಲ್ಲದೆ ಇರುತ್ತಾಳೆಯೇ, ನಿಲ್ಲುತ್ತಾಳೆ — ಭಾನು ತಲೆ ತಿರುಗಿಸಲಿಲ್ಲ. ಹಗ್ಗದ ಕಡೆಯ ಕೈಯನ್ನು ಸ್ವಲ್ಪ ಮೇಲೆತ್ತಿದಳು, ಬಲಗೈ, ತೋರುಬೆರಳು, ಒಂದು, ಇನ್ನೂ ಒಂದು ಅದೆ ಅವ್ವ ಎಂದು, ಸಿಟ್ಟಿನಿಂದಲ್ಲ, ಲೆಕ್ಕ ತಪ್ಪುವವರಿಗೆ ಮೆಲ್ಲನೆ ತಿಳಿಸುವ ಹಾಗೆ, ಚಿಕ್ಕವರಿಗೆ ಹೇಳುವ ಹಾಗೆ. ಅವ್ವ ಮತ್ತೆ ಎಣಿಕೆ ತಪ್ಪಿದ್ದಾಳೆ ಎಂದುಕೊಂಡಿದ್ದಾಳೆ. ತಪ್ಪಿಲ್ಲ ಮಗಳೇ. ಬೆರಳು ಹೋಗುತ್ತಿದೆ, ಸುಣ್ಣದ ಗೆರೆಯ ಮೇಲೆ, ಬಿಸಿಲಲ್ಲಿ, ಯಾಕೆ ಇನ್ನೂ ಇಳಿಸಿಲ್ಲ, ಅವ್ವನಿಗೆ ಇನ್ನೂ ತಿಳಿಯಲಿಲ್ಲವೇನೋ ಎಂದು ಹಿಡಿದೇ ಇದ್ದಾಳೋ, ಇಳಿಸುವುದನ್ನೇ ಮರೆತಳೋ, ಕೆಳಗೆ ಕಾಲು, ಮೇಲೆ ಬೆರಳು, ಕಾಲನ್ನು ನೋಡಬೇಕು ಅಂದುಕೊಂಡರೂ ಕಣ್ಣು ಬೆರಳನ್ನು ಬಿಟ್ಟು ಇಳಿಯುತ್ತಿಲ್ಲ, ತಿರುವಿಗೆ ಸೇರಿತು, ಅಲ್ಲಿಯೂ ಕಾಣುತ್ತಿದೆ, ಬೆರಳು, ಒಂದು, ತೆಳ್ಳಗೆ, ನೆಟ್ಟಗೆ ನಿಂತ ಒಂದು ಬೆರಳು.